ತೇಲುವ ಜಲ್ಲಿ ದಾರಿಯ ಮೊಯ್ದಿನಾಕ

ಬೆಳಕು ಇನ್ನೂ ಸರಿಯಾಗಿ ಮೂಡಿಲ್ಲ. ಜುನಿಪರ್ ಮರಗಳ ನಡುವೆ ಮಂಜು ನಿಂತಿದೆ. ಅದರೊಳಗಿಂದ ಮೊದಲು ಜಲ್ಲಿಕಲ್ಲು ಕರಕರ ಎನ್ನುವ ಸದ್ದು ಬರುತ್ತದೆ. ಆಮೇಲೆ ಒಂದು ಹಳೆಯ ಸೈಕಲ್ಲು, ಅದರ ಮೇಲೆ ತಲೆಗೆ ಮಫ್ಲರ್ ಸುತ್ತಿಕೊಂಡ ಮೊಯಿದಿನಬ್ಬ. ಕಾಡು ಮುಗಿದು ಹುಲ್ಲಿನ ಬಯಲು ಶುರುವಾಗುವಲ್ಲಿ ಅವರು ಇಳಿಯುತ್ತಾರೆ. ಸೈಕಲ್ಲನ್ನು ಮರಕ್ಕೆ ಒರಗಿಸಿ, ಬೂಟು ಬಿಚ್ಚಿ, ಕಾಲುಚೀಲವನ್ನು ಅದರೊಳಗೆ ತುರುಕಿ ಬರಿಗಾಲಲ್ಲಿ ದಾರಿಯ ಮೇಲೆ ನಡೆಯುತ್ತಾರೆ. ನಾಲ್ಕು ಹೆಜ್ಜೆಗೊಮ್ಮೆ ನಿಂತು, ಹಿಮ್ಮಡಿ ಊರಿ, ಮೈಯನ್ನು ಒಮ್ಮೆ ಕುಲುಕಿಸುತ್ತಾರೆ. ದೂರದಿಂದ ನೋಡಿದರೆ ಚಳಿಗೆ ಕುಣಿಯುತ್ತಿದ್ದಾರೆ ಅನ್ನಿಸಬೇಕು.

“ಹಲಸಿನ ಹಣ್ಣು ತಟ್ಟಿ ನೋಡುವುದಿಲ್ವಾ ಅಕ್ಕ, ಅದೇ ಇದು” ಎನ್ನುತ್ತಾರೆ, ಪಕ್ಕದಲ್ಲಿ ನಿಂತ ನನಗೆ. “ಅಲ್ಲಿ ಕೈ, ಇಲ್ಲಿ ಕಾಲು.”

ಸೌದಿ ಅರೇಬಿಯದ ಬೆಟ್ಟದ ಸೀಮೆಯ ಖಮೀಸ್ ಮುಶೈತ್‌ ಪಟ್ಟಣದಿಂದ ಮುಕ್ಕಾಲು ಗಂಟೆ ಕಾರಿನ ದಾರಿಯಲ್ಲಿರುವ ಈ ರಕ್ಷಿತಾರಣ್ಯಕ್ಕೆ ಶುಕ್ರವಾರ ಬೆಳಿಗ್ಗೆ ಸೈಕಲ್ ಸವಾರರು ಬರುತ್ತಾರೆ. ಅಗಲ ಟೈರಿನ, ಜಲ್ಲಿಯ ಮೇಲೆ ಓಡಿಸಲೆಂದೇ ಮಾಡಿದ ಸೈಕಲ್ಲುಗಳನ್ನು ಕಾರಿನ ಬೆನ್ನಿಗೆ ಕಟ್ಟಿಕೊಂಡು ಬರುವವರು ಅರುವತ್ತು ಎಪ್ಪತ್ತು ಮಂದಿಯಾದರೂ ಇರುತ್ತಾರೆ. ಒಂದು ಸುತ್ತಿಗೆ ಒಂಬತ್ತು ಕಿಲೋಮೀಟರ್. ಹೆಚ್ಚಿನದು ಕಾಡಿನೊಳಗಿನ ಗಟ್ಟಿ ನೆಲ. ನಡುವೆ ಒಂದು ತುಂಡು ಮಾತ್ರ ಜೌಗಿನ ಮೇಲೆ ಹಾಯುತ್ತದೆ, ಎಲ್ಲರೂ ಬರುವುದು ಆ ತುಂಡಿಗಾಗಿಯೇ.

ಬೆಟ್ಟದ ಮಡಿಲಲ್ಲಿ ಒರತೆಯ ನೀರು ಹರಿದುಹೋಗಲು ದಾರಿ ಸಿಗದೆ ನಿಂತಿದೆ. ಎಷ್ಟೋ ತಲೆಮಾರಿನ ಹುಲ್ಲು, ಬೇರು, ಎಲೆ ಅದರಲ್ಲಿ ಪೂರ್ತಿ ಕೊಳೆಯದೆ ಒಂದರ ಮೇಲೊಂದು ಕೂತು ಕಪ್ಪಗೆ, ಮೆತ್ತಗೆ ಆಗಿವೆ. ಮೇಲೆ ಹಾಲಿನ ಕೆನೆಯ ಹಾಗೆ ಹಸಿರು. ಇಂಥ ನೆಲದ ಮೇಲೆ ದಾರಿ ನಿಲ್ಲುವುದು ಹೇಗೆ?

“ನಿಲ್ಲುವುದಿಲ್ಲ, ತೇಲ್ತದೆ” ಎನ್ನುತ್ತಾರೆ ಮೊಯಿದಿನಬ್ಬ. ಕಾಡಿನಲ್ಲಿ ತಾನಾಗಿ ಒಣಗಿ ಬಿದ್ದ ಜುನಿಪರ್ ಕೊಂಬೆಗಳನ್ನು ಅವರು ಆರಿಸಿ ತರುತ್ತಾರೆ. ಹಸಿ ಕೊಂಬೆ ಕಡಿಯಲು ಅಪ್ಪಣೆಯಿಲ್ಲ. ಕೊಂಬೆಗಳನ್ನು ಹೊರೆ ಕಟ್ಟಿ ಕೆಸರಿನ ಮೇಲೆ ಅಡ್ಡಡ್ಡ ಮಲಗಿಸಿ, ಅದರ ಮೇಲೆ ಜಲ್ಲಿ ಹರಡುತ್ತಾರೆ. ಕೆಳಗಿನ ಹೊರೆ ಕುಸಿದಂತೆಲ್ಲ ಮೇಲೆ ಹೊಸದು. ನಾನೂ ಚಪ್ಪಲಿ ಬಿಚ್ಚಿ ಒಂದು ಹೆಜ್ಜೆ ಇಡುತ್ತೇನೆ. ತೊಟ್ಟಿಲು ಅಲುಗಿದ ಹಾಗೆ ನೆಲ ಮೆಲ್ಲಗೆ ಅಲುಗಿ, ಮತ್ತೆ ಸುಮ್ಮನಾಗುತ್ತದೆ.

ಪರಿಚಯದವರ ಬಾಯಲ್ಲಿ ಅವರು ಮೊಯ್ದಿನಾಕ. ನೇತ್ರಾವತಿಯ ದಂಡೆಯ ಸಜಿಪದ ಬ್ಯಾರಿ ಕುಟುಂಬದವರು. ಐವತ್ತು ದಾಟಿದೆ. ಸೌದಿಗೆ ಬಂದವರು ಮೊದಲು ಇದ್ದದ್ದು ಕುವೈತ್ ಗಡಿಯ ಅಲ್ ಖಫ್ಜಿಯಲ್ಲಿ, ಒಬ್ಬ ಗುತ್ತಿಗೆದಾರನ ಸಾಮಾನಿನ ಯಾರ್ಡಿನಲ್ಲಿ. “ಪೈಪು ಎಣಿಸುವುದು, ಪೈಪು ಹೊರುವುದು. ಅಲ್ಲಿ ಹಸಿರು ಬಣ್ಣ ನೋಡಿದ್ದು ಪೈಂಟಿನ ಡಬ್ಬಿಯಲ್ಲಿ ಮಾತ್ರ.” ಅದೇ ಗುತ್ತಿಗೆದಾರನಿಗೆ ಈ ಕಾಡಿನ ದಾರಿಗಳ ಕೆಲಸ ಸಿಕ್ಕಾಗ, ಚಳಿಗೆ ಹೆದರಿ ಬೇರೆಯವರು ಬೇಡವೆಂದ ಜಾಗಕ್ಕೆ ಇವರು ಹೊರಟು ಬಂದರು. ಇಕಾಮಾದಲ್ಲಿ, ಅಂದರೆ ಇಲ್ಲಿನ ವಾಸದ ಪರವಾನಗಿಯಲ್ಲಿ, ಈಗಲೂ ಬರೀ ‘ಕಾರ್ಮಿಕ’ ಎಂದಿದೆ. “ಕೆಸರು ಕಾಯುವವ ಅಂತ ಒಂದು ಕೆಲಸ ಅವರ ಕಂಪ್ಯೂಟರಿನಲ್ಲಿ ಇಲ್ಲವಂತೆ” ಎಂದು ನಗುತ್ತಾರೆ.

ಊರಿನಲ್ಲಿರುವ ಹೆಂಡತಿ ಖದೀಜತ್‌ಗಂತೂ ಈ ಕೆಲಸ ಇನ್ನೂ ಅರ್ಥವಾಗಿಲ್ಲ. “ಕೆಸರು ಕಾಯ್ಲಿಕ್ಕೆ ವಿಮಾನ ಹತ್ತಬೇಕಿತ್ತಾ, ನಮ್ಮ ಅಂಗಳದ ಕೆಸರು ನಿಮಗೆ ಸಾಲಲಿಲ್ವಾ ಅಂತ ಕೇಳ್ತಾಳೆ. ಎಂತ ಹೇಳುವುದು?”

ಬಂದ ಹೊಸತರಲ್ಲಿ ಆದದ್ದನ್ನು ಅವರೇ ಹೇಳುತ್ತಾರೆ. ಒಂದು ದಿನ ಸವಾರರ ಗುಂಪಿಗೆ ದಾರಿ ತೋರಿಸಲು ಮುಂದೆ ಹೋಗಿದ್ದರು. ಜಲ್ಲಿ ಒಂದು ಕಡೆ ಕುಸಿದಿತ್ತು. ಪಕ್ಕದಲ್ಲಿ ಒಳ್ಳೆಯ ಹುಲ್ಲು ಬೆಳೆದ ಜಾಗ ಕಂಡಿತು. “ನಮ್ಮಲ್ಲಿ ಗದ್ದೆಯ ಬದು, ಹುಣಿ, ಹೇಗೆ? ಹುಲ್ಲು ಇದ್ದಲ್ಲಿ ಗಟ್ಟಿ, ಕಾಲಿಡಬಹುದು. ಹುಲ್ಲಿಲ್ಲದಲ್ಲಿ ಕೆಸರು. ಆ ಧೈರ್ಯದಲ್ಲಿ ಬನ್ನಿ ಬನ್ನಿ ಅಂತ ಎಲ್ಲರನ್ನೂ ಕರೆದುಬಿಟ್ಟೆ.” ಇಲ್ಲಿ ಲೆಕ್ಕ ತಿರುಗುಮುರುಗು. ಹುಲ್ಲು ಸೊಂಪಾಗಿರುವುದೇ ತಳವಿಲ್ಲದ ಕಡೆ. ಮೊಯ್ದಿನಾಕ ಸೊಂಟದವರೆಗೆ ಹೂತರು, ಹಿಂದಿನವರು ಅವರ ಮೇಲೆಯೇ ಬಂದು ಬಿದ್ದರು.

ಗುಂಪಿನಲ್ಲಿದ್ದ ಪುತ್ತೂರಿನ ನರ್ಸ್ ಜಸ್ನಾಗೆ ಅದು ಇನ್ನೂ ಮರೆತಿಲ್ಲ. “ನನ್ನ ಒಂದು ಶೂ ಈಗಲೂ ಅದರೊಳಗೇ ಉಂಟು. ಕಾಕ ಪ್ರತಿ ಸಲ ಹೇಳ್ತಾರೆ, ಸಿಕ್ಕಿದ್ರೆ ಕೊಡ್ತೇನೆ ಅಂತ.”

ಆದರೆ ಬಿದ್ದ ಸವಾರರು ಎದ್ದು ಹೋದರೂ ಚಕ್ರದ ಗೆರೆ ಉಳಿಯುತ್ತದೆ. ಆ ಗೆರೆಯಲ್ಲಿ ನೀರು ಹರಿಯತೊಡಗುತ್ತದೆ. ನೀರು ಹರಿದುಹೋದರೆ ಜೌಗು ಒಣಗುತ್ತದೆ, ಕಪ್ಪೆ ಹೋಗುತ್ತದೆ, ಕಪ್ಪೆಯ ಹಿಂದೆ ಹಕ್ಕಿ. ಅದಕ್ಕಾಗಿ ಈ ವರ್ಷ ಅಧಿಕಾರಿಗಳ ಮುಂದೆ ಒಂದು ಪ್ರಶ್ನೆ ಇದೆ: ಜೌಗಿನ ದಾರಿಯನ್ನು ಉಳಿಸಿಕೊಳ್ಳುವುದೇ ಅಥವಾ ಬೇಲಿ ಹಾಕಿ ಶಾಶ್ವತವಾಗಿ ಮುಚ್ಚಿ ಸೈಕಲ್ಲುಗಳನ್ನು ಟಾರು ರಸ್ತೆಗೆ ಕಳುಹಿಸುವುದೇ? ಮುಚ್ಚಿದರೆ ಮೊಯ್ದಿನಾಕನಿಗೆ ಇಲ್ಲಿ ಕೆಲಸವಿಲ್ಲ. ಮತ್ತೆ ಖಫ್ಜಿ, ಮತ್ತೆ ಪೈಪು.

ನಾನು ಹೋದ ಶುಕ್ರವಾರವೇ ಅದರ ಪರೀಕ್ಷೆ. ಎಲ್ಲರೂ ‘ಮುದೀರ್’ ಎಂದು ಕರೆಯುವ ಮೇಲಧಿಕಾರಿ ಸ್ವತಃ ಬಂದು, ಸವಾರರು ದಾಟುವುದನ್ನು ಕಣ್ಣಾರೆ ನೋಡುವವರಿದ್ದಾರೆ. ಹಿಂದಿನ ಸಂಜೆ ಸಣ್ಣ ಮಳೆ ಬಂದಿದೆ.

ಮೊಯ್ದಿನಾಕ ದಾರಿಯ ತುದಿಯವರೆಗೆ ಹೋಗಿ ಬರುತ್ತಾರೆ. ಮತ್ತೊಮ್ಮೆ ಹೋಗುತ್ತಾರೆ. ಒಂದು ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತು ಜಲ್ಲಿಯ ಮೇಲೆ ಅಂಗೈ ಒತ್ತಿ ಹಿಡಿಯುತ್ತಾರೆ, ಜ್ವರದ ಮಗುವಿನ ಹಣೆ ನೋಡುವ ಹಾಗೆ. ಎದ್ದು ಬಂದು ಎರಡು ಕಂಬಗಳ ನಡುವೆ ಸರಪಳಿ ಎಳೆದು ಕೊಕ್ಕೆಗೆ ಸಿಕ್ಕಿಸುತ್ತಾರೆ. ದಾರಿ ಬಂದ್.

ಸವಾರರು ಬರುವ ಹೊತ್ತಿಗೆ ಮಂಜು ಹರಿದಿದೆ. ಮುಂದೆ ಇರುವುದು ಸೈಕಲ್ ಕ್ಲಬ್ಬಿನ ಮುಖಂಡ, ಮೈಸೂರಿನ ಎಂಜಿನಿಯರ್ ಹೃಷಿಕೇಶ. ಈ ದಾರಿಯಲ್ಲಿ ಒಂದು ದೊಡ್ಡ ಸ್ಪರ್ಧೆ ಏರ್ಪಡಿಸಬೇಕೆಂದು ಅವರು ವರ್ಷದಿಂದ ಓಡಾಡುತ್ತಿದ್ದಾರೆ. ಸರಪಳಿ ನೋಡಿ ಬ್ರೇಕ್ ಹಾಕುತ್ತಾರೆ.

“ಅಲ್ಲ ಕಾಕಾ, ಹೆಣ್ಣು ನೋಡಕ್ಕೆ ಬರೋ ದಿನಾನೇ ಬಾಗ್ಲು ಹಾಕ್ಕೊಂಡು ಕೂತ್ರೆ ಹೇಗೆ?”

“ಹೆಣ್ಣಿಗೆ ಹುಷಾರಿಲ್ಲ ಮಾರಾಯ್ರೆ.”

“ಹೋದ ತಿಂಗ್ಳೂ ಹೀಗೇ ಅಂದ್ರಿ. ಅಬಹಾದಿಂದ ಬಂದೋರು ವಾಪಸ್ ಹೋದ್ರು. ಆಮೇಲೆ ನೋಡಿದ್ರೆ ನೆಲ ಕಲ್ಲಿದ್ದಂಗಿತ್ತು.”

“ಹೌದು. ಆ ದಿವಸ ನನಗೆ ತಪ್ಪಿತು.”

“ಇವತ್ತೂ ತಪ್ಪಿರಬಹುದಲ್ವಾ?”

“ತಪ್ಪಿರಬಹುದು” ಎನ್ನುತ್ತಾರೆ ಮೊಯ್ದಿನಾಕ. ಕೈ ಮಾತ್ರ ಸರಪಳಿಯ ಮೇಲೇ ಇದೆ.

ಹಿಂದಿನಿಂದ ಜಸ್ನಾ, “ನನಗೆ ಇನ್ನೊಂದು ಶೂ ಕಳ್ಕೊಳ್ಳಲಿಕ್ಕೆ ಇಲ್ಲ, ನಾನು ಸುತ್ತು ದಾರಿಯಲ್ಲಿ ಹೋಗ್ತೇನೆ” ಎಂದು ಸೈಕಲ್ ತಿರುಗಿಸುತ್ತಾಳೆ. ಕೆಲವರು ನಗುತ್ತಾರೆ, ಕೆಲವರು ಗೊಣಗುತ್ತಾರೆ. ಒಬ್ಬೊಬ್ಬರಾಗಿ ಎಲ್ಲರೂ ಮೇಲಿನ ಕಲ್ಲುದಾರಿ ಹಿಡಿಯುತ್ತಾರೆ. ಹೃಷಿಕೇಶ ಕೊನೆಗೆ ಹೋಗುತ್ತಾರೆ. ತಿರುಗಿ ನೋಡುವುದಿಲ್ಲ.

ಹೀಗಾಗಿ ಮುದೀರರ ಬಿಳಿ ಜೀಪು ಬಂದು ನಿಂತಾಗ ಅಲ್ಲಿ ನೋಡಲು ಒಬ್ಬ ಸವಾರನೂ ಇಲ್ಲ. ಒಂದು ಸರಪಳಿ, ಬರಿಗಾಲಿನ ಒಬ್ಬ ಮನುಷ್ಯ, ದೂರದಲ್ಲಿ ಮರದ ಮೇಲಿಂದ ಇಣುಕುವ ಕೋತಿಗಳು. ಮುದೀರರು ವಯಸ್ಸಾದವರು, ಮೆಲುದನಿ. ಅರಬಿಯಲ್ಲಿ ಏನೋ ಕೇಳುತ್ತಾರೆ. ಮೊಯ್ದಿನಾಕ ಯಾರ್ಡಿನಲ್ಲಿ ಕಲಿತ ಅರಬಿಯಲ್ಲಿ ಉತ್ತರಿಸುತ್ತಾರೆ. ಮುದೀರರು ಕೇಳಿದ ಒಂದು ಪದ ನನಗೂ ತಿಳಿಯುತ್ತದೆ: “ಅಕೀದ್?” ಖಚಿತವೇ ಎಂದು. ಮೊಯ್ದಿನಾಕ ಇಲ್ಲವೆಂದು ತಲೆಯಾಡಿಸುತ್ತಾರೆ.

ಮುದೀರರು ತುಸು ಹೊತ್ತು ಜೌಗಿನ ಕಡೆಗೇ ನೋಡುತ್ತಾ ನಿಲ್ಲುತ್ತಾರೆ. ಸರಪಳಿಯನ್ನು ಬೆರಳಲ್ಲಿ ಒಮ್ಮೆ ಎತ್ತಿ, ಹಾಗೇ ಬಿಟ್ಟು, ಜೀಪು ಹತ್ತುತ್ತಾರೆ.

“ಎಂತ ಮಾತಾಡಿದ್ದು?” ಎಂದು ಕೇಳುತ್ತೇನೆ.

“ನಿನಗೆ ಖಚಿತ ಉಂಟಾ ಅಂತ ಕೇಳಿದ್ರು. ಇಲ್ಲ, ದಾರಿ ತಡೀತದೆ ಅಂತ ಖಚಿತ ಇದ್ದಿದ್ರೆ ತೆರೀತಿದ್ದೆ, ಇಲ್ಲದ್ದಕ್ಕೇ ಮುಚ್ಚಿದ್ದು ಅಂದೆ.” ಫ್ಲಾಸ್ಕಿನಿಂದ ನನಗೂ ಚಹಾ ಬಗ್ಗಿಸುತ್ತಾರೆ. “ಅದಕ್ಕೆ ಅವರು ಎಂತದ್ದೂ ಹೇಳ್ಲಿಲ್ಲ ಅಕ್ಕ. ಬೈದಿದ್ರಾದ್ರೂ ಗೊತ್ತಾಗ್ತಿತ್ತು.”

ಮೂರ್ನಾಲ್ಕು ದಿನಗಳ ಮೇಲೆ, ಮಕ್ಕಳನ್ನು ಶಾಲೆಯ ವ್ಯಾನು ಹತ್ತಿಸಿ ನಾನು ಒಳಗೆ ಬರುವಾಗ ಅವರ ಫೋನು. ಹಿಂದಿನಿಂದ ಗಾಳಿಯ ಸದ್ದು. ದಾರಿ ಉಳಿದಿದೆ. ಬೇಲಿ ಇಲ್ಲ. ತೆರೆಯುವುದು, ಮುಚ್ಚುವುದು ಆಯಾ ಬೆಳಗಿನ ಮಾತು, ಅದನ್ನು ಹೇಳಬೇಕಾದವರು ಮೊಯಿದಿನಬ್ಬ ಎಂದು ಕಚೇರಿಯಿಂದ ಆದೇಶ ಬಂದಿದೆ. ಒಮ್ಮೆಗೆ ಐದಾರು ಸೈಕಲ್ಲಿಗಿಂತ ಹೆಚ್ಚು ಬಿಡುವಂತಿಲ್ಲ. ಸ್ಪರ್ಧೆಗೆ ಅನುಮತಿ ಸಿಕ್ಕಿಲ್ಲ. “ಹೃಷಿಕೇಶ ಸಾರ್ ಬೇಜಾರಿನಲ್ಲಿದ್ದಾರೆ. ನನ್ನ ಹತ್ತಿರ ಮಾತು ಬಿಟ್ಟಿದ್ರು. ನಿನ್ನೆ ಒಂದು ಮೆಸೇಜು ಬಂತು, ಈ ಶುಕ್ರವಾರ ತೆರೆದಿರ್ತದಾ ಅಂತ. ಶುಕ್ರವಾರ ಬೆಳಿಗ್ಗೆ ಹೇಳ್ತೇನೆ ಅಂದೆ.”

ಖಫ್ಜಿಗೆ ಹೋಗುವುದು ತಪ್ಪಿತಲ್ಲ, ಇನ್ನೇನು ಆಸೆ ಎಂದು ಕೇಳುತ್ತೇನೆ. ಜಲ್ಲಿಯ ಮೇಲೆ ರೇಕ್ ಎಳೆಯುವ ಸದ್ದು ಕೇಳುತ್ತದೆ.

“ದಾರಿ ತೆರೀಲಿಕ್ಕೆ ಯಾರಿಗೂ ಬರ್ತದೆ ಅಕ್ಕ. ಮುಚ್ಚಿದ ದಿವಸ ಬೈಸಿಕೊಳ್ಳಲಿಕ್ಕೆ ಒಬ್ಬ ಬೇಕಲ್ಲ? ಅದಕ್ಕೆ ನಾನು ಸಾಕು.”