ರೊಟ್ಟಿ ಆಯಿಯ ಹಿಟ್ಟು

ಆಕೆಯ ಬಲ ಅಂಗೈಯಲ್ಲಿ ಗೆರೆಗಳೇ ಇರಲಿಲ್ಲ. ನಲವತ್ತು ವರ್ಷ ಜೋಳದ ರೊಟ್ಟಿ ತಟ್ಟಿ ತಟ್ಟಿ ಆ ಕೈ ಹಳೆಯ ಚಪ್ಪಲಿಯ ಅಟ್ಟೆಯ ಹಾಗೆ ದಪ್ಪಗೆ, ನುಣ್ಣಗೆ ಆಗಿಬಿಟ್ಟಿತ್ತು. ಕಾದ ಹಂಚಿನ ಮೇಲಿನ ರೊಟ್ಟಿಯನ್ನು ಆಕೆ ಅದೇ ಕೈಯಿಂದ ತಿರುವಿ ಹಾಕುತ್ತಿದ್ದಳು. ಗೋದಾವರಿಯ ಘಾಟಿನಲ್ಲಿ ಕೂರುವ ಜೋಯಿಸನೊಬ್ಬ ಒಮ್ಮೆ ಆ ಕೈ ಹಿಡಿದು ನೋಡಿ ಏನೂ ಕಾಣಿಸುತ್ತಿಲ್ಲ ಎಂದನಂತೆ. "ಕೈ ಬಿಡು, ನನ್ನ ಮಾರಿ ನೋಡಿ ಹೇಳು ಅಂದೆ. ಮಾರಿ ನೋಡಿ ಅಂವ ಎದ್ದೇ ಹೋದ" ಎಂದು ಆಕೆಯೇ ಹೇಳಿಕೊಂಡು ನಗುತ್ತಿದ್ದಳು.

ನಾಶಿಕದ ಪಂಚವಟಿಯಲ್ಲಿ, ನಾನಿದ್ದ ಓಣಿಯ ಕೊನೆಯ ಒಂದು ಕೋಣೆ ಆಕೆಯದು. ನಮ್ಮ ಬೀದರ್ ಕಡೆಯವಳೇ. ಗಂಡ ಪಿಂಪಳಗಾಂವದ ಉಳ್ಳಾಗಡ್ಡಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡಲೆಂದು ಬಂದವನು ಈಕೆಯನ್ನೂ ಕರೆತಂದಿದ್ದ, ಅಲ್ಲೇ ತೀರಿಕೊಂಡ. ಆಮೇಲೆ ಈಕೆ ಊರಿಗೆ ಹೋಗದೆ, ಸುತ್ತಲಿನ ಕನ್ನಡದ ಮನೆಗಳಿಗೆ ರೊಟ್ಟಿ ಮಾಡಿಕೊಡುತ್ತ ಉಳಿದಳು. ಎಲ್ಲರೂ ರೊಟ್ಟಿ ಆಯಿ ಎನ್ನುತ್ತಿದ್ದರು. ರೊಟ್ಟಿ ಹೂವಿನ ಹಾಗೆ, ಮಾತು ಮುಳ್ಳಿನ ಹಾಗೆ. ಯಾರೋ ಒಬ್ಬರು ಇವತ್ತು ರೊಟ್ಟಿ ದಪ್ಪ ಆಗಿದೆ ಎಂದರೆ, "ನಿನ್ನ ಸೊಸಿ ನಾಲಿಗಿಗಿಂತ ತೆಳುವೇ ಅದ, ಒಯ್ಯಿ" ಎನ್ನುತ್ತಿದ್ದಳು. ಆಕೆಯಿಂದ ಒಮ್ಮೆಯಾದರೂ ಚುಚ್ಚಿಸಿಕೊಳ್ಳದ ಮನೆ ಇರಲಿಲ್ಲ. ಆದರೂ ಸಂಜೆಯಾದರೆ ಎಲ್ಲರೂ ಡಬ್ಬಿ ಹಿಡಿದು ಆಕೆಯ ಬಾಗಿಲಲ್ಲಿ ನಿಲ್ಲುತ್ತಿದ್ದೆವು.

ಬ್ಯಾಂಕಿನ ವರ್ಗಾವಣೆಯ ಮೇಲೆ ನಾನು ನಾಶಿಕಕ್ಕೆ ಬಂದ ಎರಡನೆಯ ವರ್ಷ ನನ್ನ ಕಾಯಿಲೆಗೆ ಒಂದು ಹೆಸರು ಸಿಕ್ಕಿತು. ಹೊಟ್ಟೆನೋವು, ಭೇದಿ, ಉದುರುವ ಕೂದಲು, ನಿಲ್ಲದೆ ಹೋದ ಎರಡು ಬಸಿರು. ಎಷ್ಟೋ ಡಾಕ್ಟರರನ್ನು ದಾಟಿ ಬಂದ ಮೇಲೆ ಒಬ್ಬರು ಪರೀಕ್ಷೆ ಮಾಡಿಸಿ, ಗೋಧಿಯಲ್ಲಿರುವ ಗ್ಲುಟನ್ ನಿಮ್ಮ ಕರುಳನ್ನು ತಿನ್ನುತ್ತಿದೆ ಎಂದರು. ಗೋಧಿ, ಮೈದಾ, ರವೆ ಜನ್ಮಕ್ಕೇ ಬೇಡ. ಕರುಳು ಗಾಯವಾಗಿರುವುದರಿಂದ ಹಾಲು, ಶೇಂಗಾ, ತೊಗರಿಬೇಳೆಯನ್ನೂ ಸದ್ಯಕ್ಕೆ ಬಿಡಿ, ಆಮೇಲೆ ಒಂದೊಂದನ್ನೇ ಮೂರು ಮೂರು ದಿನ ತಿಂದು ನೋಡಿ, ಏನಾಯಿತೆಂದು ಬರೆದಿಡಿ ಎಂದರು. ತಿನ್ನಲು ಉಳಿದದ್ದು ಅನ್ನ, ಹೀರೇಕಾಯಿ ಮತ್ತು ಜೋಳದ ರೊಟ್ಟಿ.

ನಾನು ಆಯಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಒಂದು ಚಿಟಿಕೆ ಗೋಧಿಹಿಟ್ಟು ತಾಗಿದರೂ ನನಗೆ ಆಗುವುದಿಲ್ಲ ಎಂದೆ.

"ಗೋಧಿ ತಿನ್ನೋರು ದೊಡ್ಡ ಮಂದಿ, ಬಾಯಿ. ನನ್ನ ಮನ್ಯಾಗ ಹುಡುಕಿದ್ರೂ ಒಂದು ಕಾಳು ಸಿಗಂಗಿಲ್ಲ" ಎಂದಳು.

ಒಂದು ತಿಂಗಳ ಮೇಲೆ, ನೋವು ಪೂರ್ತಿ ನಿಲ್ಲದಿದ್ದರೂ, ಹಾಲಿನಿಂದ ಶುರುಮಾಡಿದೆ. ಮೊದಲ ದಿನ ಅರ್ಧ ಲೋಟ, ಮರುದಿನ ಒಂದು ಲೋಟ. ಮೂರನೆಯ ದಿನ ಬ್ಯಾಂಕಿನ ಪಾಯಿಖಾನೆಯಲ್ಲಿ ಗೋಡೆ ಹಿಡಿದು ಕುಳಿತಿದ್ದೆ. ವಹಿಯಲ್ಲಿ ಹಾಲಿನ ಮೇಲೆ ಗೀಟು ಎಳೆದೆ. ಮೈ ಸುಧಾರಿಸಲು ಎರಡು ವಾರ ಬಿಟ್ಟು ಶೇಂಗಾ ಚಟ್ನಿ ತಿಂದೆ. ಅದೂ ಆಗಲಿಲ್ಲ. ತೊಗರಿಯ ಕಟ್ಟು ಕುಡಿದೆ. ಅದರ ಮೇಲೂ ಗೀಟು. ಒಂದೊಂದು ಗೀಟು ಎಳೆದಾಗಲೂ ತಟ್ಟೆ ಒಂದಿಷ್ಟು ಬರಿದಾಗುತ್ತಿತ್ತು. ಹೊಟ್ಟೆ ತೀರ ಕೆಟ್ಟ ದಿನ ಹೀರೇಕಾಯಿಯನ್ನೂ ಬಿಟ್ಟು, ಇದೊಂದಾದರೂ ನನ್ನನ್ನು ಕೈಬಿಡದು ಎಂದು ಆಯಿಯ ರೊಟ್ಟಿಯನ್ನು ನೀರಲ್ಲಿ ನೆನೆಸಿ ತಿನ್ನುತ್ತಿದ್ದೆ. ಬಳೆಗಳು ಮೊಣಕೈವರೆಗೆ ಸರಿಯತೊಡಗಿದ್ದವು.

ಒಂದು ಸಂಜೆ ಆಕೆಯ ಬಾಗಿಲಲ್ಲಿ ನಾಲ್ಕೈದು ಹೆಂಗಸರು ನಿಂತಿದ್ದೆವು. ಈಗ ಏನು ತಿನ್ನುತ್ತೀ ಎಂದು ಆಯಿ ಕೇಳಿದಳು. ತೊಗರಿಬೇಳೆಯೂ ಆಗಲಿಲ್ಲ ಎಂದೆ. ಆಕೆ ಹಂಚಿನಿಂದ ಕಣ್ಣೆತ್ತಲಿಲ್ಲ.

"ಹಾಲು ನಿಲ್ಲಲಿಲ್ಲ, ಶೇಂಗಾ ನಿಲ್ಲಲಿಲ್ಲ, ಬ್ಯಾಳಿ ನಿಲ್ಲಲಿಲ್ಲ. ಎರಡು ಕೂಸೂ ನಿಲ್ಲಲಿಲ್ಲ. ನಿನ್ನ ಹೊಟ್ಟ್ಯಾಗ ನಿಲ್ಲೋದು ಏನದ ಬಾಯಿ, ಅದನ್ನರ ಹೇಳು."

ಯಾರೋ ಒಬ್ಬಳು ನಕ್ಕಳು, ನಕ್ಕವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಡಬ್ಬಿ ತೆಗೆದುಕೊಂಡು ಮನೆಗೆ ಬಂದೆ. ಬೇರೆ ಏನೂ ಇರಲಿಲ್ಲವಾದ್ದರಿಂದ ಆ ರೊಟ್ಟಿಯನ್ನೇ ತಿಂದೆ.

ಅದಾದ ಕೆಲ ದಿನಕ್ಕೆ ತಂಗಿಯ ಮದುವೆಗೆಂದು ಊರಿಗೆ, ಭಾಲ್ಕಿಗೆ ಹೋದೆ. ಹತ್ತು ದಿನ ಅವ್ವ ಮಾಡಿದ ರೊಟ್ಟಿ ತಿಂದೆ. ಐದನೆಯ ದಿನಕ್ಕೆ ಹೊಟ್ಟೆ ಸುಮ್ಮನಾಯಿತು. ಧೈರ್ಯಮಾಡಿ ಹಾಲು ಕುಡಿದೆ, ಏನೂ ಆಗಲಿಲ್ಲ. ಶೇಂಗಾ ಚಟ್ನಿ, ತೊಗರಿಬೇಳೆ ತಿಂದೆ, ಅವೂ ದಕ್ಕಿದವು. ನಾಶಿಕಕ್ಕೆ ಮರಳಿ ಆಯಿಯ ರೊಟ್ಟಿ ತಿಂದ ಎರಡನೆಯ ದಿನ ಮತ್ತೆ ನೆಲಕ್ಕೆ ಬಿದ್ದೆ. ಹಾಲು, ಶೇಂಗಾ, ಬೇಳೆ ಯಾವುದರದೂ ತಪ್ಪಿರಲಿಲ್ಲ. ತಪ್ಪು ರೊಟ್ಟಿಯಲ್ಲಿತ್ತು. ತಟ್ಟುವಾಗ ಹರಿಯದಿರಲೆಂದು ಕೆಲವರು ಜೋಳದ ಹಿಟ್ಟಿಗೆ ಒಂದು ಹಿಡಿ ಗೋಧಿಹಿಟ್ಟು ಸೇರಿಸುವುದು ನನಗೆ ಗೊತ್ತಿತ್ತು. ಆ ನೋವಿನಲ್ಲಿಯೂ ನನಗೆ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಕೊನೆಗೂ ಅವಳು ನನ್ನ ಕೈಗೆ ಸಿಕ್ಕಿದ್ದಳು.

ಮೊದಲು ಅವಳನ್ನೇ ಕೇಳಬೇಕಿತ್ತು. ಕೇಳಲಿಲ್ಲ. ಶ್ರಾವಣ ಸೋಮವಾರದ ಭಜನೆಗೆ ಹತ್ತು ಮನೆಯ ಹೆಂಗಸರು ಸೇರಿದ್ದರು. ಮಂಗಳಾರತಿ ಮುಗಿದು ಪ್ರಸಾದ ಹಂಚುವಾಗ ಹೇಳಿದೆ, "ರೊಟ್ಟಿ ಆಯಿ ಜ್ವಾಳದ ಹಿಟ್ಟಿಗೆ ಗೋಧಿ ಬೆರಸ್ತಾಳ್ರಿ. ನನ್ನ ಹೊಟ್ಟೀನೇ ಸಾಕ್ಷಿ."

"ಅದಕ್ಕ ಅಷ್ಟು ಮೆತ್ತಗ ಇರ್ತಾವ ನೋಡ್ರಿ" ಎಂದರು ಒಬ್ಬರು. ಮತ್ತೊಬ್ಬರಿಗೆ ಹಿಂದಿನ ವಾರ ತಮ್ಮ ಮಗುವಿಗೂ ಹೊಟ್ಟೆ ಕೆಟ್ಟಿದ್ದು ನೆನಪಾಯಿತು. ಯಾರೊಬ್ಬರೂ ಅವಳ ಪರ ಒಂದು ಮಾತು ಆಡಲಿಲ್ಲ. ಹತ್ತೂ ಮನೆಯಲ್ಲಿ ಅವಳ ನಾಲಿಗೆಯ ಗಾಯವಿತ್ತು. ಮುಂದಿನ ಸೋಮವಾರದ ಹೊತ್ತಿಗೆ ಎಲ್ಲರ ಮನೆಗೂ ಸೊಲ್ಲಾಪುರದ ಕಡಕ್ ರೊಟ್ಟಿಯ ಪ್ಯಾಕೆಟ್ಟುಗಳು ಬಂದಿದ್ದವು.

ಆಯಿ ಬ್ಯಾಂಕಿಗೇ ಬಂದಳು. ನಾನು ಕುಳಿತ ಕೌಂಟರಿನ ಮೇಲೆ ಬಟ್ಟೆಯ ಗಂಟು ಇಟ್ಟು ಬಿಚ್ಚಿದಳು. ಒಳಗೆ ಹಿಟ್ಟು. "ನೋಡು. ಮೂಸಿ ನೋಡು. ಹಾಲಿನಂಗ ಬೆಳ್ಳಗದ ನೋಡು" ಎಂದು ದೊಡ್ಡ ದನಿಯಲ್ಲಿ ಶುರುಮಾಡಿದಳು. ಸರದಿಯಲ್ಲಿ ನಿಂತವರೆಲ್ಲ ನೋಡತೊಡಗಿದರು. ನಾನು ಆಕೆಯ ಮುಖ ನೋಡದೆ, ಇವರನ್ನು ಹೊರಗೆ ಕಳಿಸು ಎಂದು ಕಾವಲುಗಾರನಿಗೆ ಮರಾಠಿಯಲ್ಲಿ ಹೇಳಿದೆ. ಅವನು ಮೊಣಕೈ ಹಿಡಿದಾಗ ಆಕೆ ದನಿ ಇಳಿಸಿದಳು.

"ನಾ ನಿನಗ ಅಂದಿದ್ದು ಖರೆ. ಅನಬಾರದಿತ್ತು. ಬೆರಸಿದ್ದು ಮಾತ್ರ ಸುಳ್ಳು."

ಗಂಟು ಕೌಂಟರಿನ ಮೇಲೆಯೇ ಉಳಿಯಿತು. ಜವಾನ ಅದನ್ನು ಕಸದ ಬುಟ್ಟಿಗೆ ಹಾಕಿದ.

ಮುಂದಿನ ವರ್ಷ ನನಗೆ ಸಂಭಾಜಿನಗರಕ್ಕೆ ವರ್ಗವಾಯಿತು. ಅಷ್ಟು ದಿನ ಅನ್ನದ ಮೇಲೇ ಇದ್ದು ಮೈ ಸುಧಾರಿಸಿತ್ತು. ರೊಟ್ಟಿಯ ಆಸೆ ತಡೆಯಲಾಗಲಿಲ್ಲ. ಯಾರನ್ನೂ ನಂಬುವುದು ಬೇಡವೆಂದು ನಾನೇ ಜೋಳ ತಂದು, ಕಾಳು ಕಾಳು ಆರಿಸಿ, ಮನೆಯ ಹತ್ತಿರದ ಗಿರಣಿಯಲ್ಲಿ ಬೀಸಿಸಿ, ನನ್ನ ಕೈಯಿಂದಲೇ ರೊಟ್ಟಿ ತಟ್ಟಿದೆ. ಭಾನುವಾರ ತಿಂದೆ. ಸೋಮವಾರ ಸಂಜೆ ಮೊಣಕಾಲು ಎದೆಗೆ ಅವಚಿಕೊಂಡು ಹಾಸಿಗೆಯಲ್ಲಿ ಬಿದ್ದಿದ್ದೆ. ಯಾರೂ ಏನೂ ಬೆರೆಸಿರಲಿಲ್ಲ. ಆ ನೋವಿನಲ್ಲೇ ತಲೆಗೆ ಹೊಳೆದದ್ದನ್ನು ಆ ಹೊತ್ತು ಮುಂದಕ್ಕೆ ಯೋಚಿಸಲು ನನಗೆ ಧೈರ್ಯವಾಗಲಿಲ್ಲ.

ಎದ್ದು ಓಡಾಡುವಂತಾದ ಮೇಲೆ ಗಿರಣಿಗೆ ಹೋಗಿ ನಿಂತು ನೋಡಿದೆ. ಒಬ್ಬರ ಗೋಧಿ ಬೀಸಿ ಮುಗಿಯಿತು. ಗಿರಣಿಯವನು ಯಂತ್ರ ನಿಲ್ಲಿಸದೆ ಅದೇ ಬಾಯಿಗೆ ಇನ್ನೊಬ್ಬರ ಜೋಳ ಸುರಿದ. ಮೊದಲು ಉದುರಿದ್ದು ಹಿಂದಿನ ಗೋಧಿಯ ಹಿಟ್ಟೇ. ಹೀಗೇಕೆ ಎಂದು ಕೇಳಿದ್ದಕ್ಕೆ ಅವನು ಹಿಟ್ಟು ಮೆತ್ತಿದ ಹುಬ್ಬು ಏರಿಸಿದ. ಪ್ರತಿ ಡಬ್ಬಿಗೂ ಕಲ್ಲು ಒರೆಸುತ್ತ ಕೂರಲೇನು ಬಾಯಿ, ಎಲ್ಲ ಗಿರಣಿಯಲ್ಲೂ ಇದೇ ರೀತಿ ಎಂದ. ಆಯಿಯೂ ಇಂಥದೇ ಗಿರಣಿಯಲ್ಲಿ ಜೋಳ ಬೀಸಿಸುತ್ತಿದ್ದಳು. ಭಾಲ್ಕಿಯಲ್ಲಿ ಅವ್ವನ ಮನೆಯೊಳಗೇ ಸಣ್ಣ ಗಿರಣಿ ಇತ್ತು, ಅದಕ್ಕೆ ಜೋಳ ಬಿಟ್ಟು ಇನ್ನೊಂದು ಬೀಳುತ್ತಿರಲಿಲ್ಲ.

ನಾಶಿಕ ಬಸ್ಸಿನಲ್ಲಿ ಅರ್ಧ ದಿನದ ದಾರಿ. ಆ ಅರ್ಧ ದಿನಕ್ಕೆ ನಾನು ಐದು ತಿಂಗಳು ತೆಗೆದುಕೊಂಡೆ.

ಓಣಿಯ ಕೊನೆಯ ಕೋಣೆಯಲ್ಲಿ ಬೇರೆಯವರಿದ್ದರು. ಆಯಿ ಬಸ್ ನಿಲ್ದಾಣದ ಹತ್ತಿರದ ಖಾನಾವಳಿಯಲ್ಲಿ ಕೆಲಸ ಮಾಡುತ್ತಾಳೆ, ರಾತ್ರಿ ಅಲ್ಲೇ ಮಲಗುತ್ತಾಳೆ ಎಂದರು. ಖಾನಾವಳಿಯ ಹಿತ್ತಲಲ್ಲಿ ಆಕೆ ಕಾಲು ಚಾಚಿ ಕುಳಿತು ಚಪಾತಿ ಲಟ್ಟಿಸುತ್ತಿದ್ದಳು. ಪಕ್ಕದಲ್ಲಿ ಮೊಣಕಾಲೆತ್ತರದ ಕಣಕದ ರಾಶಿ. ಸೊರಗಿದ್ದಳು. ನಾನು ಹೊಸ್ತಿಲ ಹತ್ತಿರ ಹೋದೊಡನೆ ಲಟ್ಟಣಿಗೆ ಎತ್ತಿದಳು.

"ಅಲ್ಲೇ ನಿಂದರು. ಒಳಗ ಬರಬ್ಯಾಡ. ಇಲ್ಲಿ ಗೋಧಿ ಹಿಟ್ಟು ಹಾರ್ಲಕತ್ತದ."

ನನ್ನ ಹೊಟ್ಟೆಯ ಚಿಂತೆ ಆಕೆಗೆ ಇನ್ನೂ ಇದೆ ಎಂದುಕೊಂಡೆ. ಅಷ್ಟರಲ್ಲಿ ಆಕೆ ಮಾತು ಮುಗಿಸಿದಳು, "ನಾಳೆ ಮತ್ತ ನನ್ನ ಹೆಸರೇ ಹೇಳ್ತಿ."

ಹೊರಗೆ ನಿಂತೇ ಗಿರಣಿಯ ಸಂಗತಿ ಹೇಳಿದೆ. ನಿಮ್ಮದು ತಪ್ಪಿರಲಿಲ್ಲ ಆಯಿ, ನಾನೇ ಪಾಪ ಮಾಡಿದೆ ಎಂದು ಅತ್ತೆ. ಆಕೆ ಲಟ್ಟಿಸುವುದನ್ನು ನಿಲ್ಲಿಸಲಿಲ್ಲ.

"ಅಳಬ್ಯಾಡ, ಗಿರಾಕಿ ನೋಡ್ಲಕತ್ತಾರ. ನಾ ಬೆರಸಿಲ್ಲಂತ ನನಗ ಯಾಕ ಹೇಳ್ತಿ? ನನಗ ಮೊದಲೇ ಗೊತ್ತಿತ್ತು. ಹತ್ತು ಮಂದಿ ಮುಂದ ಅಂದೀದಿ, ಆ ಹತ್ತು ಮಂದಿ ಮುಂದ ಹೋಗಿ ಹೇಳು."

"ಹೇಳ್ತೀನಿ ಆಯಿ."

"ಹೇಳು ಹೋಗು. ನನಗ ಕೆಲಸ ಅದ."

ಅಲ್ಲಿಂದ ಹೊರಟವಳು ಎರಡು ಮನೆಗೆ ಹೋದೆ. ಒಂದಕ್ಕೆ ಬೀಗ. ಇನ್ನೊಂದರಲ್ಲಿ ನೆಂಟರು ತುಂಬಿದ್ದರು. ಚಹಾ ಕುಡಿದು, ಹವೆಯ ಬಗ್ಗೆ ಮಾತಾಡಿ ಎದ್ದು ಬಂದೆ. ಬಸ್ಸಿನಲ್ಲಿ ಕುಳಿತು ಭಜನೆಯ ಹೆಂಗಸರ ವಾಟ್ಸಪ್ ಗುಂಪಿಗೆ ಉದ್ದಕ್ಕೆ ಬರೆದೆ, ಅಳಿಸಿದೆ. ಮತ್ತೆ ಬರೆದೆ, ಮತ್ತೆ ಅಳಿಸಿದೆ. ಮುಂದಿನ ಸಲ ಬಂದಾಗ ಎದುರಿಗೇ ಹೇಳಿದರಾಯಿತು ಎಂದುಕೊಂಡೆ.

ಮುಂದಿನ ಸಲ ಹೋದದ್ದು ಬಸವ ಜಯಂತಿಗೆ. ಚಳಿಗಾಲದಲ್ಲೇ ಆಯಿ ಜ್ವರ ಬಂದು ತೀರಿಕೊಂಡಿದ್ದಳು. ಖಾನಾವಳಿಯವರೇ ಮಣ್ಣು ಮಾಡಿದರಂತೆ, ನಮ್ಮವರು ಯಾರೂ ಹೋಗಿರಲಿಲ್ಲ.

ಪ್ರಸಾದದ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಓಝರಿನ ಕಾರ್ಖಾನೆಗೆ ಹೊಸದಾಗಿ ಬಂದ ಎಂಜಿನಿಯರರೊಬ್ಬರ ಹೆಂಡತಿ ಕುಳಿತಿದ್ದಳು. ಈ ಕಡೆ ಒಳ್ಳೆಯ ರೊಟ್ಟಿಯೇ ಸಿಗುವುದಿಲ್ಲ ಎಂದು ಮಾತು ತೆಗೆದಳು. "ಮೊದಲ ಒಬ್ಬಾಕಿ ಆಯಿ ಮಾಡ್ತಿದ್ಳಂತ್ರಿ. ಜ್ವಾಳದಾಗ ಗೋಧಿ ಬೆರಸ್ತಿದ್ಳಂತ. ಅದನ್ನು ತಿಂದು ಯಾರೋ ಬ್ಯಾಂಕಿನಾಕಿಗೆ ಎರಡು ಸಲ ಬಸಿರು ಇಳೀತಂತ. ಎಂಥ ಮಂದಿ ಇರ್ತಾರ ನೋಡ್ರಿ."

ನಾನು ಆಯಿಯ ರೊಟ್ಟಿ ತಿನ್ನುವ ಮೊದಲೇ ನನ್ನ ಎರಡೂ ಕೂಸು ಹೋಗಿದ್ದವು. ಎದ್ದು ನಿಂತೆ. ಇಡೀ ಪಂಕ್ತಿಗೆ ಕೇಳುವ ಹಾಗೆ ಹೇಳಿದೆ, "ಆ ಬ್ಯಾಂಕಿನಾಕಿ ನಾನೇರಿ. ಆಯಿ ಏನೂ ಬೆರಸಿರಲಿಲ್ಲ. ಗಿರಣಿ ಕಲ್ಲಿನಾಗ ಗೋಧಿ ಇತ್ತು. ನಾ ಸಿಟ್ಟಿಲೆ ಆಕಿ ಮ್ಯಾಲ ಹೊರಿಸಿದೆ. ತಪ್ಪು ನಂದು."

ಎಲ್ಲರ ಕೈ ಎಲೆಯ ಮೇಲೇ ನಿಂತಿತು. ಅವತ್ತು ಭಜನೆಯಲ್ಲಿದ್ದ ಹಿರಿಯರೊಬ್ಬರು ಎದುರು ಸಾಲಿನಿಂದ ಎದ್ದು ಬಂದು ಎಡಗೈಯಿಂದ ನನ್ನ ಬೆನ್ನು ಸವರಿದರು. ಅವರ ಕಣ್ಣು ಒದ್ದೆಯಾಗಿತ್ತು.

"ನಿಮ್ಮ ಮನಸ್ಸು ದೊಡ್ಡದು ಬಿಡ್ರಿ. ಇಷ್ಟೆಲ್ಲಾ ಆದಮ್ಯಾಲೂ ಸತ್ತೋರ ಬಗ್ಗೆ ಒಳ್ಳೇದೇ ಮಾತಾಡ್ತೀರಿ."

ಸುತ್ತ ಕುಳಿತವರು ತಲೆದೂಗಿದರು. ನಾನು ಇನ್ನೊಮ್ಮೆ ಹೇಳಿದೆ. ಅವರೆಲ್ಲ ಇನ್ನೊಮ್ಮೆ ತಲೆದೂಗಿದರು.