ದಾವಲಸಾಬರ ಆಫ್‌ಲೈನ್

ಕೋವಿಡ್ ಹಾವಳಿ ತಗ್ಗಿ ಶಾಲೆಗಳು ಮತ್ತೆ ತೆರೆದ ವರ್ಷ. ನಾನಾಗ ಬಾಗಲಕೋಟೆಯಲ್ಲಿದ್ದೆ. ಬಾದಾಮಿ, ಹುನಗುಂದ, ಇಳಕಲ್ ಎಂದು ತಿರುಗಿ ಸಹಕಾರ ಸಂಘಗಳ ಸಿಬ್ಬಂದಿಗೆ ಕಂಪ್ಯೂಟರ್ ಭದ್ರತೆಯ ತರಬೇತಿ ಕೊಡುವುದು ನನ್ನ ಕೆಲಸ. ವಿಪಿಎನ್, ಎಂಎಫ್‌ಎ, ಡಿಡಾಸ್ ಎಂದು ಅಕ್ಷರಗಳನ್ನು ಉದುರಿಸುತ್ತಿದ್ದೆ. ಎದುರಿಗೆ ಕೂತವರು ಕೋಲೆಬಸವನಂತೆ ತಲೆಯಾಡಿಸುತ್ತಿದ್ದರು. ತಿಳಿಯಿತೆಂದು ನಂಬಿ ನಾನು ಬಸ್ ಹತ್ತುತ್ತಿದ್ದೆ.

ಒಂದು ಸೋಮವಾರ ಇಳಕಲ್ಲಿನ ನೇಕಾರರ ಸಂಘದ ಗುಮಾಸ್ತ ದಾವಲಸಾಬರು ಫೋನ್ ಮಾಡಿದರು. "ಸರ, ಯಾವ ಫೈಲೂ ತೆರೀವಲ್ದು. ಇಂಗ್ಲಿಷಿನ್ಯಾಗ ಏನೋ ಬೆದರಿಕಿ ಬಂದೈತ್ರಿ."

ರ‍್ಯಾನ್ಸಮ್‌ವೇರ್! ಫೈಲುಗಳಿಗೆಲ್ಲ ಬೀಗ ಜಡಿದು, ಕೀಲಿಕೈ ಬೇಕಾದರೆ ಹಣ ಕೊಡಿ ಎನ್ನುವ ತಂತ್ರಾಂಶ ಅದು. ಕೊರಿಯರ್ ರಸೀದಿಯ ವೇಷದಲ್ಲಿ ಬಂದ ಸುಳ್ಳು ಇಮೇಲನ್ನು ಯಾರೋ ತೆರೆದಿದ್ದರು. ಹೀಗೆ ಗಾಳ ಹಾಕುವುದನ್ನು ಫಿಶಿಂಗ್ ಎನ್ನುತ್ತೇವೆ.

ನಾನು ಹೋಗುವಷ್ಟರಲ್ಲಿ ಸಾವಿತ್ರಕ್ಕ ಆ ಕಂಪ್ಯೂಟರಿನ ಮುಂದೆ ಕೂತುಬಿಟ್ಟಿದ್ದರು. ನೇಕಾರರ ಮನೆಯ ಹೆಣ್ಣುಮಗಳು. ಅತ್ತೆಯ ಕಾಲದ ಸೀರೆಗಳ ದಡಿ, ಸೆರಗಿನ ನಕ್ಷೆಗಳನ್ನು ಎಳೆ ಎಣಿಸಿ ಎಣಿಸಿ ಹನ್ನೊಂದು ವರ್ಷ ಅದರೊಳಗೆ ಇಳಿಸಿದ್ದರು. ಆ ಸೀರೆಗಳು ಕೌದಿಯಾಗಿ ಸವೆದು ಹೋಗಿದ್ದವು. ಅವರ ಕಣ್ಣೂ ಮಂಜಾಗಿತ್ತು. ನಕ್ಷೆಗಳು ಹೋದರೆ ಹೋದಂತೆಯೇ.

"ಹೆದರಬ್ಯಾಡ್ರಿ ಅಕ್ಕಾರ. ದಾವಲಸಾಬ್ರ, ಆಫ್‌ಲೈನ್ ಬ್ಯಾಕಪ್ ಐತಲ್ಲ?"

"ದಿನಾ ಮಾಡೇನ್ರಿ. ಒಂದ ದಿನಾನೂ ತಪ್ಪಿಸಿಲ್ಲ."

ನನಗೆ ಹೋದ ಜೀವ ಬಂತು. ಅವರು ಬೆರಳು ತೋರಿಸಿದ ಕಡೆ ನೋಡಿದೆ. ನಕಲು ತುಂಬಿದ ಡಿಸ್ಕು ಅದೇ ಕಂಪ್ಯೂಟರಿಗೆ ಸಿಕ್ಕಿಸಿದಂತೆಯೇ ಇತ್ತು. ಬೀಗ ಅದಕ್ಕೂ ಬಿದ್ದಿತ್ತು. ನನ್ನ ಪಿತ್ತ ನೆತ್ತಿಗೇರಿತು.

"ಇದನ್ಯಾಕ ಬಿಚ್ಚಿಟ್ಟಿಲ್ರಿ? ಆಫ್‌ಲೈನ್, ಆಫ್‌ಲೈನ್ ಅಂತ ಬಡಕೊಂಡಿದ್ದೆನಲ್ಲ!"

"ಆಫ್‌ಲೈನ ಮಾಡೇನ್ರಿ. ಸಾಲಿ ಆಫ್‌ಲೈನ್ ಆತು ಅಂದ್ರ ಹುಡುಗರು ಖುದ್ದ ಹೋಗೂದಲ್ಲೇನ್ರಿ? ಜ್ವರ ಬಂದಾಗೂ ನಾ ಖುದ್ದ ಬಂದು ಮಾಡೇನಿ."

ಆ ವರ್ಷ ಊರಿಗೆ ಊರೇ ಆ ಶಬ್ದವನ್ನು ಬಳಸುತ್ತಿದ್ದುದು ಹಾಗೆಯೇ. ನನ್ನ ಅರ್ಥ ಇದ್ದದ್ದು ನನ್ನ ಸ್ಲೈಡಿನಲ್ಲಿ ಮಾತ್ರ. ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳಲಿ?

ಮೂರು ದಿನ ಹೆಣಗಿದೆ, ಗೊತ್ತಿದ್ದವರನ್ನೆಲ್ಲ ಕೇಳಿದೆ. ಗೋಡೆಗೆ ಅಂಟಿಸಿದ್ದ ಎರಡು ಪ್ರಿಂಟುಗಳನ್ನು ಬಿಟ್ಟರೆ ಒಂದು ನಕ್ಷೆಯೂ ದಕ್ಕಲಿಲ್ಲ.

"ನಾವು ಮಾಡಬೇಕಾಗಿದ್ದದ್ದಾದ್ರೂ ಏನ್ರಿ ಸಾಹೇಬ್ರ?" ಎಂದು ಸಾವಿತ್ರಕ್ಕ ಕೇಳಿದರು.

"ನಕಲು ಮಾಡಿದ ಮ್ಯಾಲ ವಾಯರ್ ಬಿಚ್ಚಿ ಡಿಸ್ಕ್ ಬ್ಯಾರೆ ಇಡಬೇಕಿತ್ರಿ."

"ಅಯ್ಯ, ಕೊಂಡಿ ಬಿಡಿಸಿ ಇಡೂದು!"

ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗೆ ಸೆರಗಿನ ಎಳೆ ಸಿಕ್ಕಿಸಿ ಕೂಡಿಸುವುದಕ್ಕೆ ಕೊಂಡಿ ಎನ್ನುತ್ತಾರೆ. ಆ ಊರಿನ ಮಕ್ಕಳಿಗೂ ಗೊತ್ತಿರುವ ಮಾತು.

"ಅಷ್ಟ ಅಂದಿದ್ರ ಸಾಕಿತ್ತಲ್ರಿ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ನಿವೃತ್ತನಾಗುವವರೆಗೂ ಆಮೇಲೆ ಯಾವ ತರಬೇತಿಯಲ್ಲೂ "ತಿಳಿಯಿತೇ?" ಎಂದು ಕೇಳಲಿಲ್ಲ. "ನಾಳೆ ಏನು ಮಾಡುತ್ತೀರಿ, ಈಗ ಮಾಡಿ ತೋರಿಸಿ" ಎನ್ನುತ್ತಿದ್ದೆ. ಹನ್ನೊಂದು ವರ್ಷದ ದುಡಿಮೆ ಹಾಳಾದ ಮೇಲೆ ಕಲಿತ ಪಾಠ ಇದು.

ಕಳೆದ ತಿಂಗಳು ಇಳಕಲ್ಲಿಗೆ ಹೋಗಿದ್ದೆ. ದಾವಲಸಾಬರು ಕಪಾಟು ತೆರೆದು ತೋರಿಸಿದರು. ಅದೇ ಹಳೆಯ ಡಿಸ್ಕು, ವಾಯರ್ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ಒಳಗಿನ ಒಂದು ಫೈಲೂ ಇವತ್ತಿಗೂ ತೆರೆಯುವುದಿಲ್ಲ.