ಹೊಸ್ತಿಲ ಮೊಳೆ

ಗಚ್ಚಿಬೌಲಿಯ ಸಾಫ್ಟ್‌ವೇರ್ ಆಫೀಸುಗಳಿಗೆ ಹಳೇ ಕಟ್ಟಿಗೆಯ ಮೇಜೇ ಬೇಕಾಗಿದ್ದ ಕಾಲ. ಸುಲ್ತಾನ್ ಬಜಾರಿನಲ್ಲಿ ಕೆಡವಿದ ಮನೆಗಳ ಸಾಗವಾನಿಯಿಂದ ನಾನು ಗಾಳಿ ಮಷಿನ್ ಹಿಡಿದು ಮೊಳೆ ತೆಗೆಯುತ್ತಿದ್ದೆ. ಒತ್ತಿದರೆ ಸಾಕು, ಢಬ್ ಅಂತ ಮೊಳೆ ಹಾರಿ ಬೀಳುತ್ತಿತ್ತು.

ಒಂದು ದಿನ ನಮ್ಮ ಬೀದರ ಕಡೆಯ ಅಜ್ಜಿಯೊಬ್ಬಳು ಹುಡುಕಿಕೊಂಡು ಬಂದು, ರಾಶಿಯಲ್ಲಿ ಬಜಾರಿನ ತನ್ನ ಹಳೇ ಮನೆಯ ಹೊಸ್ತಿಲನ್ನು ಗುರುತಿಸಿದಳು.

"ಈ ಮೊಳಿ ಮಷಿನ್‌ಲೆ ತೆಗೀಬ್ಯಾಡೋ ತಮ್ಮಾ. ನನ್ನ ಕೂಸು ಸತ್ತಾಗ, ತಿರುಗಿ ಒಳಗ ಬರಬಾರದಂತ ನಮ್ಮತ್ತಿ ಹೊಡಿಸಿದ್ದು. ಕೂಸು ಸಪ್ಪಳಕ್ಕ ಅಂಜತೈತಿ."

ಮಷಿನ್ ಬಂದ್ ಮಾಡಿ, ಇಕ್ಕಳದಿಂದ ಮೆಲ್ಲಗೆ ಎಳೆದು ಕೊಟ್ಟೆ. ಸೆರಗಿಗೆ ಕಟ್ಟಿಕೊಂಡು, ಹೊಸ್ತಿಲ ತೂತಿನ ಮೇಲೆ ಕೈಯಾಡಿಸಿದಳು. "ಬಾ ಕಂದಾ, ಈಗ ಯಾರೂ ತಡಿಯಂಗಿಲ್ಲ."

ಒಂದು ಮೊಳೆಗೆ ಇಷ್ಟು ಹೊತ್ತಾ ಅಂತ ಸಾವಕಾರ ಬೈದ. ಸೊಟ್ಟಾಗಿತ್ತು ಅಂದೆ. ನಿಜಕ್ಕೂ, ಅಷ್ಟು ನೆಟ್ಟಗಿದ್ದ ಮೊಳೆಯನ್ನು ನಾನು ಮತ್ತೆ ಕಂಡಿಲ್ಲ.